ಗೃಹಸ್ಥ ತಪಸ್ವಿ ಫ. ಗು. ಹಳಕಟ್ಟಿ

ಸಂಸಾರದ ನೊಗ ಹೊತ್ತವನಿಗೆ ಲೋಕಸೇವೆ ಸಾಧ್ಯವಿಲ್ಲವೆಂಬ ಭಾವನೆ ನಮ್ಮ ಜನರಲ್ಲಿ ಬಹುಕಾಲದಿಂದ ಬೇರೂರಿದೆ. ಮಹತ್ಕಾರ್ಯವೆಂದೊಡನೆ ನಮಗೆ ಕಾವಿ ಬಟ್ಟೆಯ ನೆನಪಾಗುತ್ತದೆ. ಆದರೆ ಕನ್ನಡದ ವಚನ ವಾಙ್ಮಯವನ್ನು ಕತ್ತಲೆಯಿಂದ ಬೆಳಕಿಗೆ ತಂದವರು ಸಂನ್ಯಾಸಿಗಳಲ್ಲ. ವಿಜಾಪುರದಲ್ಲಿ ವಕೀಲಿ ಮಾಡಿ ಹೆಂಡಿರು ಮಕ್ಕಳನ್ನು ಸಾಕುತ್ತಿದ್ದ ಒಬ್ಬ ಗೃಹಸ್ಥರು. ಸೊರಡಿ ಮೊದಲಾದ ಜತ್ತ ತಾಲೂಕಿನ ಹಳ್ಳಿಗಳಿಗೆ ವಿಜಾಪುರವೆಂದೂ ಪರವೂರಲ್ಲ. 1948ರವರೆಗೆ ಜತ್ತವು ಸಂಸ್ಥಾನವಾಗಿದ್ದಿತು. ವಿಜಾಪುರವು ಬ್ರಿಟಿಷ್ ಜಿಲ್ಲೆಯಾಗಿದ್ದಿತು. ಆಳುವವರು ಬೇರೆಯಾದರೂ ಜನರ ನುಡಿ ಒಂದೇ ಆಗಿದ್ದಿತು. ಆದುದರಿಂದ ಈ ಮಹನೀಯರ ನೆನಪು ನಮ್ಮ ಮನೆಯ ಹಿರಿಯರ ನೆನಪೇ ಸರಿ.

ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆಯವರು ಶಿಕ್ಷಕರೂ ಲೇಖಕರೂ ಆಗಿದ್ದರು. ಬಾಲ್ಯದಲ್ಲಿಯೇ ತಾಯಿಯನ್ನು ಕಳೆದುಕೊಂಡ ಮಗುವನ್ನು ಅಜ್ಜಿ ಬೆಳೆಸಿದರು. ಮುಂಬಯಿಯಲ್ಲಿ ಪದವಿ ಪಡೆದು, 1904ರಲ್ಲಿ ಕಾನೂನು ಪರೀಕ್ಷೆ ಮುಗಿಸಿ, ವಕೀಲಿ ವೃತ್ತಿ ಹಿಡಿದು ವಿಜಾಪುರದಲ್ಲಿ ನೆಲೆಸಿದರು. 1910ರಲ್ಲಿ ಅಲ್ಲಿ ವಿದ್ಯಾಸಂಸ್ಥೆಯೊಂದರ ಸ್ಥಾಪನೆಗೂ 1912ರಲ್ಲಿ ಸಿದ್ಧೇಶ್ವರ ಬ್ಯಾಂಕಿನ ಸ್ಥಾಪನೆಗೂ ಕಾರಣರಾದರು.

ಆ ಕಾಲದಲ್ಲಿ ವಚನಗಳ ತಾಡವೋಲೆಗಳು ಮಠಗಳಲ್ಲಿಯೂ ಮನೆಯ ಜಗಲಿಗಳ ಮೇಲೆಯೂ ಬಟ್ಟೆಯಲ್ಲಿ ಸುತ್ತಿ ಪೂಜೆಗೊಳ್ಳುತ್ತಿದ್ದುವು, ಓದುವವರಿರಲಿಲ್ಲ. ಹಳಕಟ್ಟಿಯವರು ಊರೂರು ತಿರುಗಿ ಅವನ್ನು ಕೂಡಿಸಿದರು, ಪ್ರತಿಮಾಡಿದರು, ಪಾಠ ಪರಿಶೀಲಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂದಿತು. ಪರರ ಮುದ್ರಣಾಲಯವನ್ನು ನಂಬಿ ಈ ಕಾರ್ಯ ಸಾಗದೆಂದು ಕಂಡು, ತಮ್ಮ ಸ್ವಂತ ಮನೆಯನ್ನು ಮಾರಿ 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ತೆರೆದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯೂ 1927ರಲ್ಲಿ ‘ನವಕರ್ನಾಟಕ’ವೂ ಆರಂಭವಾದುವು. ಬಳ್ಳಾರಿಯಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಲನಕ್ಕೆ ಅವರು ಅಧ್ಯಕ್ಷರಾದುದೂ 1926ರಲ್ಲಿಯೇ.

ಮನೆಯನ್ನು ಮಾರಿದ ಯಜಮಾನನನ್ನು ಸಂಸಾರವಂದಿಗನೆಂದು ಹೊಗಳುವುದು ಸರಿಯೇ? ಪ್ರಶ್ನೆ ನ್ಯಾಯವಾದುದು. ಪುಸ್ತಕಗಳಿಂದ ಹಣ ಬರಲಿಲ್ಲ. ಬಾಡಿಗೆಯ ಮನೆಯ ಕಷ್ಟವನ್ನು ಅವರೊಬ್ಬರೇ ಉಂಡವರಲ್ಲ, ಮನೆಯವರೆಲ್ಲರೂ ಉಂಡರು. ಆದುದರಿಂದ ಈ ಯಜ್ಞದ ಪುಣ್ಯದಲ್ಲಿ ಆ ಮನೆಯವರಿಗೂ ಸಮಪಾಲು ಸಲ್ಲಬೇಕು. ಆದರೆ ಅವರು ಮನೆಯನ್ನು ಮಾರಿದ್ದು ಸ್ವಸುಖಕ್ಕಾಗಿಯಲ್ಲ, ಸಂಸಾರವನ್ನು ತೊರೆಯುವುದಕ್ಕಾಗಿಯೂ ಅಲ್ಲ. ದುಡಿಮೆಯನ್ನೇ ಪೂಜೆಯೆಂದು ಬಗೆದ ಶರಣರ ನುಡಿಯನ್ನು ಅಚ್ಚುಮಾಡಿದವರು ಅದರಂತೆಯೇ ನಡೆದರು. ನಡೆ ನುಡಿಗಳು ಒಂದಾದ ತಂದೆಯನ್ನು ಕಣ್ಣಾರೆ ಕಾಣುವುದಕ್ಕಿಂತ ಮಿಗಿಲಾದ ಆಸ್ತಿ ಮಕ್ಕಳಿಗೆ ಯಾವುದು?

1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟ್ ಪದವಿಯನ್ನು ನೀಡಿತು. 1964ರ ಜೂನ್ 29ರಂದು ಅವರು ಕಾಲವಶರಾದರು. ‘ವಚನ ಪಿತಾಮಹ’ರೆಂದು ನಾಡು ಅವರನ್ನು ಇಂದಿಗೂ ಸ್ಮರಿಸುತ್ತದೆ.

ನಮ್ಮ ಹಳ್ಳಿಗಳಲ್ಲಿಯೂ ಬೆಳಗಿನಿಂದ ಬೈಗಿನವರೆಗೆ ಹೊಲದಲ್ಲಿ ದುಡಿದು, ಮಕ್ಕಳನ್ನು ಕನ್ನಡ ಶಾಲೆಗೆ ಕಳುಹುವ ತಂದೆತಾಯಿಗಳು ಎಷ್ಟೋ ಮಂದಿಯಿದ್ದಾರೆ. ಅವರ ಬಾಳೂ ಇದೇ ಬಗೆಯದು. ಓದುಗರಲ್ಲಿ ನಮ್ಮದೊಂದು ಬಿನ್ನಹ: ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಓಲೆಯ ಕಟ್ಟಾಗಲಿ ಕೈಬರಹದ ಪುಸ್ತಕವಾಗಲಿ ಇದ್ದರೆ ಗೆದ್ದಲಿಗೆ ಬಿಡಬೇಡಿರಿ, ಬಿಚ್ಚಿ ನೋಡಿರಿ, ಓದಬಲ್ಲವರಿಗೆ ತೋರಿಸಿರಿ. ಹಳಕಟ್ಟಿಯವರಿಗೆ ನಾವು ಸಲ್ಲಿಸಬಹುದಾದ ನಿಜವಾದ ಕಾಣಿಕೆ ಅದೇ.