ಬಳ್ಳಾರಿ–ಕುರುಗೋಡು ಸೀಮೆಯ ಹಾರಾಟದ ಇತಿಹಾಸ

ಬಳ್ಳಾರಿ, ಕುರುಗೋಡು, ಸಿರುಗುಪ್ಪ ಸೀಮೆಯ ವಿಮಾನಯಾನದ ಕಥೆ 1932ರ ಅಕ್ಟೋಬರ್ ತಿಂಗಳಿಂದ ಆರಂಭವಾಗುತ್ತದೆ. ಕರಾಚಿಯಿಂದ ಮದ್ರಾಸಿಗೆ ಅಂಚೆ ಹೊತ್ತು ಹೊರಟ ಟಾಟಾ ಕಂಪನಿಯ ಮೊದಲ ಹಾರಾಟ ಅದೇ ದಿನ ರಾತ್ರಿ ತಂಗಿದ್ದು ಬಳ್ಳಾರಿಯಲ್ಲಿ. ಭಾರತೀಯರ ಒಡೆತನದ ಮೊದಲ ನಿಯತ ವಿಮಾನ ಸೇವೆ ಎಂದು ಇಂದು ಎಲ್ಲರೂ ನೆನೆಯುವ ಹಾರಾಟವದು. ಕರಾಚಿ ಮತ್ತು ಮುಂಬೈಯ ಜುಹು ಎಲ್ಲರ ನೆನಪಿನಲ್ಲಿವೆ. ಬಳ್ಳಾರಿಯ ಹೆಸರು ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ಆ ಒಂದು ಸಾಲಿನ ಹಿಂದೆ ಫ್ಲೈಯಿಂಗ್ ಕ್ಲಬ್ಬುಗಳ ದೊಡ್ಡ ಕಥೆಯಿದೆ.

ಕ್ಲಬ್ಬುಗಳ ಹುಟ್ಟು

ಫ್ಲೈಯಿಂಗ್ ಕ್ಲಬ್ ಎಂದರೆ ಸಾಮಾನ್ಯವಾಗಿ ಒಂದೆರಡು ಪುಟ್ಟ ವಿಮಾನ, ಒಂದು ಹ್ಯಾಂಗರ್, ಒಬ್ಬ ಇನ್‌ಸ್ಟ್ರಕ್ಟರ್, ಒಬ್ಬ ಎಂಜಿನಿಯರ್ ಮತ್ತು ಗಂಟೆಯ ಲೆಕ್ಕದಲ್ಲಿ ಹಣ ಕಟ್ಟಿ ಹಾರುವ ಸದಸ್ಯರು. ಸ್ವಂತ ವಿಮಾನ ಕೊಳ್ಳಲಾಗದವರಿಗೆ ಆಕಾಶಕ್ಕೇರಲು ಇದ್ದ ಒಂದೇ ಏಣಿ ಇದು. ಭಾರತದಲ್ಲಿ 1927ರಲ್ಲಿ ಏರೋ ಕ್ಲಬ್ ಸ್ಥಾಪನೆಯಾಯಿತು. ಮರುವರ್ಷ ದೆಹಲಿ, ಮುಂಬೈ, ಕರಾಚಿ, ಕಲ್ಕತ್ತಗಳಲ್ಲಿ ಕ್ಲಬ್ಬುಗಳು ಸರ್ಕಾರದ ಸಹಾಯಧನದೊಡನೆ ತಲೆಯೆತ್ತಿದವು. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದರಿಂದ, ಇಲ್ಲಿಯವರ ಪಾಲಿಗೆ ಪ್ರಾಂತ್ಯದ ಕ್ಲಬ್ ಎಂದರೆ 1930ರ ಹೊತ್ತಿಗೆ ಕೆಲಸ ಶುರುಮಾಡಿದ ಮದ್ರಾಸ್ ಫ್ಲೈಯಿಂಗ್ ಕ್ಲಬ್. ಮದ್ರಾಸ್ ಇಲ್ಲಿಂದ ರೈಲಿನಲ್ಲಿ ಒಂದು ರಾತ್ರಿಯ ದಾರಿ ಎಂಬುದನ್ನು ಮರೆಯಬಾರದು. ಹಳ್ಳಿಯ ಹುಡುಗನಿಗೆ ಅದು ಚಂದ್ರಲೋಕದಷ್ಟೇ ದೂರ.

ಆ ಅಂಚೆ ಸೇವೆ ಆರಂಭಿಸಿದ ಜೆ.ಆರ್.ಡಿ. ಟಾಟಾ ಹಾರಲು ಕಲಿತದ್ದು ಮುಂಬೈ ಕ್ಲಬ್ಬಿನಲ್ಲಿ. 1929ರ ಫೆಬ್ರವರಿ 10ರಂದು ಅವರಿಗೆ ಪೈಲಟ್ ಲೈಸೆನ್ಸ್ ಸಿಕ್ಕಿತು. ಭಾರತದಲ್ಲೇ ಅರ್ಹತೆ ಪಡೆದ ಮೊದಲ ಭಾರತೀಯ ಅವರೇ. ಅದೇ ವರ್ಷ ನೆವಿಲ್ ವಿನ್ಸೆಂಟ್ ಎಂಬಾತ ಜೆ.ಆರ್.ಡಿ.ಯನ್ನು ಹುಡುಕಿಕೊಂಡು ಬಂದ. ಬ್ರಿಟಿಷ್ ವಾಯುಪಡೆ ಬಿಟ್ಟುಬಂದ ಈತ ಗೆಳೆಯ ನ್ಯೂವಾಲ್ ಜೊತೆ ಊರೂರು ಸುತ್ತಿ, ದುಡ್ಡು ಕೊಟ್ಟವರನ್ನು ವಿಮಾನದಲ್ಲಿ ಒಂದು ಸುತ್ತು ಹೊಡೆಸುತ್ತಿದ್ದ. ಕರಾಚಿಗೆ ಲಂಡನ್ನಿನಿಂದ ಬರುವ ಅಂಚೆಯನ್ನು ದಕ್ಷಿಣಕ್ಕೆ ವಿಮಾನದಲ್ಲೇ ಮುಟ್ಟಿಸೋಣ ಎಂಬ ಯೋಚನೆ ಅವನದು. ಟಾಟಾ ಸಂಸ್ಥೆಯ ಹಿರಿಯ ಜಾನ್ ಪೀಟರ್ಸನ್ ಬೆಂಬಲಕ್ಕೆ ನಿಂತರು, ದೊರಾಬ್ ಟಾಟಾ ಒಪ್ಪಿದರು, ಎರಡು ಲಕ್ಷ ರೂಪಾಯಿ ಬಂಡವಾಳ ಬಂತು. ಸರ್ಕಾರ ಮಾತ್ರ ಮೂರು ವರ್ಷ ಕಾಯಿಸಿ, 1932ರ ಏಪ್ರಿಲ್‌ನಲ್ಲಿ ಒಪ್ಪಂದಕ್ಕೆ ಸಹಿ ಹಾಕಿತು.

ಬಳ್ಳಾರಿಯ ರಾತ್ರಿ

1932ರ ಅಕ್ಟೋಬರ್ 15ರ ಬೆಳಗ್ಗೆ ಆರೂವರೆ ದಾಟುತ್ತಲೇ ಜೆ.ಆರ್.ಡಿ. ಕರಾಚಿಯ ಡ್ರಿಗ್ ರೋಡ್ ನಿಲ್ದಾಣದಿಂದ ಪುಸ್ ಮಾತ್ ವಿಮಾನದಲ್ಲಿ ಹೊರಟರು. ಅಹಮದಾಬಾದಿನಲ್ಲಿ ಇಳಿದಾಗ ಪೆಟ್ರೋಲು ಡಬ್ಬಿಗಳು ಎತ್ತಿನಗಾಡಿಯಲ್ಲಿ ಬಂದವು. ಮಧ್ಯಾಹ್ನ ಎರಡು ಗಂಟೆಗೆ ಸ್ವಲ್ಪ ಮುಂಚೆ ಜುಹು ಮೈದಾನದಲ್ಲಿ ಇಳಿದು, ಮುಂಬೈ ಅಂಚೆ ಕೊಟ್ಟು, ಉಳಿದ ಚೀಲಗಳನ್ನು ವಿನ್ಸೆಂಟ್ ಕೈಗೆ ಒಪ್ಪಿಸಿದರು. ವಿನ್ಸೆಂಟ್ ಇನ್ನೊಂದು ಪುಸ್ ಮಾತ್‌ನಲ್ಲಿ ಬಳ್ಳಾರಿಯತ್ತ ಹಾರಿದ. ಇಲ್ಲಿ ತಂಗಿ, ಮರುದಿನ ಮದ್ರಾಸ್ ಮುಟ್ಟಿದ.

ಬಳ್ಳಾರಿಯೇ ಏಕೆ? ನಕ್ಷೆ ಹರಡಿ ಮುಂಬೈಯಿಂದ ಮದ್ರಾಸಿಗೆ ನೇರ ಗೆರೆ ಎಳೆದರೆ ಉತ್ತರ ಕಣ್ಣಿಗೆ ಬೀಳುತ್ತದೆ. ಬಳ್ಳಾರಿ ಹೆಚ್ಚುಕಡಿಮೆ ಆ ಗೆರೆಯ ಮೇಲೆಯೇ ಇದೆ. ಮುಂಬೈಯಿಂದ ಸುಮಾರು 600 ಕಿ.ಮೀ., ಅಲ್ಲಿಂದ ಮದ್ರಾಸಿಗೆ ಸುಮಾರು 430 ಕಿ.ಮೀ. ಜೊತೆಗೆ ಇದು ದಂಡಿನ ಊರು. ದೊಡ್ಡ ಕಂಟೋನ್ಮೆಂಟ್, ಅಗಲವಾದ ಬಯಲು, ರೈಲು, ತಂತಿ ಕಚೇರಿ ಎಲ್ಲವೂ ಇದ್ದವು.

ಆ ಹಾರಾಟದಲ್ಲಿ ರೇಡಿಯೊ ಇರಲಿಲ್ಲ, ದಾರಿ ತೋರಿಸುವ ದೀಪವೂ ಇರಲಿಲ್ಲ. ಪೈಲಟ್ ದಿಕ್ಸೂಚಿ ನೋಡಿಕೊಂಡು, ಕೆಳಗಿನ ನದಿ, ರೈಲುಹಳಿ, ಗುಡ್ಡಗಳನ್ನು ನಕ್ಷೆಯೊಂದಿಗೆ ಹೋಲಿಸಿಕೊಂಡು ಹೋಗಬೇಕಿತ್ತು. ಮುಂಬೈಯಿಂದ ಬಳ್ಳಾರಿಗೆ ಎಳೆದ ನೇರ ಗೆರೆ ತುಂಗಭದ್ರೆಯನ್ನು ದಾಟುವುದು ಕಂಪ್ಲಿಯ ಆಸುಪಾಸಿನಲ್ಲಿ. ಆಗ ಹೊಸಪೇಟೆಯ ಅಣೆಕಟ್ಟು ಇರಲಿಲ್ಲ. ನದಿ ಬಂಡೆಗಳ ನಡುವೆ ತನ್ನ ಪಾಡಿಗೆ ಹರಿಯುತ್ತಿತ್ತು. ನದಿ ದಾಟಿದ ಮೇಲೆ ಎಡಗೈಗೆ, ಹತ್ತು ಹನ್ನೆರಡು ಕಿಲೋಮೀಟರ್ ದೂರದಲ್ಲಿ, ಕುರುಗೋಡಿನ ಕಲ್ಲುಗುಡ್ಡಗಳು ಬಯಲಿನಿಂದ ಎದ್ದು ನಿಂತಿರುತ್ತವೆ. ಸಿಂದರು ಆಳಿದ, ದೊಡ್ಡಬಸವೇಶ್ವರನ ಊರು ಅದು. ಮುಂದೆ ಬಳ್ಳಾರಿಯ ಕೋಟೆಗುಡ್ಡ. ಸುತ್ತೆಲ್ಲ ಎರೆನೆಲ ಸಮತಟ್ಟಾಗಿರುವ ಈ ಸೀಮೆಯಲ್ಲಿ ಇಂಥ ಒಂಟಿ ಗುಡ್ಡಗಳಿಗಿಂತ ಒಳ್ಳೆಯ ಗುರುತು ಪೈಲಟ್‌ಗೆ ಬೇರೆ ಬೇಕಿಲ್ಲ. ಇಳಿಹೊತ್ತಿನ ಬಿಸಿಲಿನಲ್ಲಿ ಅವುಗಳ ನೆರಳು ಮೂಡಣಕ್ಕೆ ಉದ್ದವಾಗಿ ಚಾಚಿರುತ್ತದೆ. ಈ ಗುಡ್ಡಗಳನ್ನು ನಾವು ಕೆಳಗಿನಿಂದಷ್ಟೇ ಬಲ್ಲೆವು. ಭಾರತೀಯರ ಒಡೆತನದ ಮೊದಲ ವಿಮಾನ ಸೇವೆಯ ಮೊದಲ ದಿನ ಅವು ಮೇಲಿನಿಂದ ಕಂಡ ದಾರಿಗುರುತಿನ ಸಾಲಿನಲ್ಲಿ ಬಂದಿರಬಹುದು ಎಂಬುದು ಈ ಸೀಮೆಯವರು ಹೆಮ್ಮೆಪಡಬೇಕಾದ ಮಾತು.

ಪುಸ್ ಮಾತ್ ಎಂಬುದು ಡಿ ಹ್ಯಾವಿಲೆಂಡ್ ಕಂಪನಿ ಕಟ್ಟಿದ, 120 ಅಶ್ವಶಕ್ತಿಯ ಒಂದೇ ಎಂಜಿನ್ನಿನ ಪುಟ್ಟ ವಿಮಾನ. ಮೇಲುರೆಕ್ಕೆ, ಮುಚ್ಚಿದ ಕ್ಯಾಬಿನ್, ಗಂಟೆಗೆ ಸುಮಾರು ನೂರು ಮೈಲಿ ವೇಗ. ಹ್ಯಾಂಗರಿನಲ್ಲಿ ಜಾಗ ಉಳಿಸಲು ರೆಕ್ಕೆಗಳನ್ನು ಹಿಂದಕ್ಕೆ ಮಡಚಬಹುದಿತ್ತು. ಕ್ಲಬ್ ವಿಮಾನಗಳ ಮನೆತನದ್ದೇ ಯಂತ್ರ. ಅದನ್ನು ನಡೆಸಿದ ಜೆ.ಆರ್.ಡಿ. ಕೂಡ ಕ್ಲಬ್ಬಿನಲ್ಲಿ ಪಳಗಿದವರು. ಜೆ.ಆರ್.ಡಿ., ವಿನ್ಸೆಂಟ್ ಮತ್ತು ಹೋಮಿ ಭರೂಚಾ, ಈ ಮೂವರೇ ಆ ಸೇವೆಯ ಪೈಲಟ್‌ಗಳು.

ಮೊದಲ ವರ್ಷ ಸೇವೆ 1,60,000 ಮೈಲಿ ಹಾರಿ 155 ಪ್ರಯಾಣಿಕರನ್ನೂ ಹತ್ತು ಟನ್ನಿನಷ್ಟು ಅಂಚೆಯನ್ನೂ ಸಾಗಿಸಿತು. ಮಳೆಗಾಲದಲ್ಲಿ ಜುಹು ಮೈದಾನ ಸಮುದ್ರದ ನೀರಿನಲ್ಲಿ ಮುಳುಗುತ್ತಿದ್ದರಿಂದ ಇಡೀ ಸಂಸಾರವನ್ನು ಪುಣೆಯ ಯರವಡಕ್ಕೆ ಸಾಗಿಸಬೇಕಾಗುತ್ತಿತ್ತು. ಕೆಲವೇ ವರ್ಷಗಳಲ್ಲಿ ನಡುದಾರಿಯ ನಿಲುಗಡೆ ಬಳ್ಳಾರಿಯಿಂದ ಹೈದರಾಬಾದಿಗೆ ಹೋಯಿತು. ಗೆರೆ ಸ್ವಲ್ಪ ಡೊಂಕಾಯಿತು, ಆದರೆ ನಿಜಾಮರ ರಾಜಧಾನಿಯ ವ್ಯಾಪಾರ ಸಿಕ್ಕಿತು. ಬಳ್ಳಾರಿಯ ಪಾಲಿಗೆ ಅದು ದೊಡ್ಡ ನಷ್ಟ. ವಿನ್ಸೆಂಟ್ 1942ರಲ್ಲಿ, ಯುದ್ಧಕಾಲದಲ್ಲಿ, ವಿಮಾನದೊಂದಿಗೇ ಕಣ್ಮರೆಯಾದ. ಈ ಸೀಮೆಗೆ ಮೊದಲ ಅಂಚೆವಿಮಾನ ತಂದವನ ಹೆಸರು ಇಲ್ಲಿ ಯಾವ ಬೀದಿಗೂ ಇಟ್ಟಂತೆ ಕಾಣದು.

ಜಕ್ಕೂರಿನ ಕಾಲ

1953 ಎರಡು ರೀತಿಯಲ್ಲಿ ತಿರುವಿನ ವರ್ಷ. ಆಗಸ್ಟ್‌ನಲ್ಲಿ ವಿಮಾನ ಕಂಪನಿಗಳು ರಾಷ್ಟ್ರೀಕರಣಗೊಂಡವು. ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮೈಸೂರು ರಾಜ್ಯ ಸೇರಿದವು. ಅಂದಿನಿಂದ ಇಲ್ಲಿನ ಯುವಕರ ಹಾರಾಟದ ಶಾಲೆ ಮದ್ರಾಸಿನಿಂದ ಬೆಂಗಳೂರಿನ ಜಕ್ಕೂರಿಗೆ ಬದಲಾಯಿತು.

ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆ 1948ರಲ್ಲಿ, ಮಹಾರಾಜ ಜಯಚಾಮರಾಜೇಂದ್ರ ಒಡೆಯರು ಕೊಟ್ಟ ಇನ್ನೂರು ಎಕರೆಗೂ ಮಿಕ್ಕಿದ ಜಾಗದಲ್ಲಿ ಶುರುವಾಯಿತು. ಅದರ ಮೊದಲ ತಂಡಗಳಲ್ಲಿ ತೇರ್ಗಡೆಯಾದವರಲ್ಲಿ ಉಷಾ ಸುಂದರಂ ಒಬ್ಬರು. ಪತಿ ವಿ. ಸುಂದರಂ ಆ ಶಾಲೆಯ ಮುಖ್ಯ ತರಬೇತುದಾರರು. 1951ರಲ್ಲಿ ದಂಪತಿ ಡಿ ಹ್ಯಾವಿಲೆಂಡ್ ಡವ್ ವಿಮಾನವನ್ನು ಇಂಗ್ಲೆಂಡಿನಿಂದ ಭಾರತಕ್ಕೆ 27 ಗಂಟೆಗಳಲ್ಲಿ ತಂದರು. ಹೆಣ್ಣುಮಗಳು ಸೈಕಲ್ ಹತ್ತಿದರೂ ಊರು ತಿರುಗಿ ನೋಡುತ್ತಿದ್ದ ಕಾಲದಲ್ಲಿ ಇದು ನಡೆಯಿತು.

ಕ್ಲಬ್ ಪೈಲಟ್‌ಗಳಿಗಾಗಿಯೇ ಬೆಂಗಳೂರಿನ ಹಿಂದುಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಪುಷ್ಪಕ್ ವಿಮಾನ ಕಟ್ಟಿತು. 1958ರ ಸೆಪ್ಟೆಂಬರ್‌ನಲ್ಲಿ ಅದು ಮೊದಲ ಬಾರಿ ಹಾರಿತು. 90 ಅಶ್ವಶಕ್ತಿಯ ಎಂಜಿನ್, ಅಕ್ಕಪಕ್ಕ ಎರಡು ಸೀಟು, ಲೋಹದ ಚೌಕಟ್ಟಿನ ಮೇಲೆ ಬಿಗಿದ ಬಟ್ಟೆ. ಇಂಥ ವಿಮಾನದ ದಿನ ಹೀಗೆ ಶುರುವಾಗುತ್ತದೆ: ಬೆಳಕು ಹರಿಯುವ ಹೊತ್ತಿಗೆ ಹ್ಯಾಂಗರ್ ಬಾಗಿಲು ಸರಿಸಿ, ಇಬ್ಬರು ರೆಕ್ಕೆಯ ಕಂಬ ಹಿಡಿದು ವಿಮಾನವನ್ನು ಹೊರಗೆ ತಳ್ಳುತ್ತಾರೆ. ವಿದ್ಯಾರ್ಥಿ ಟ್ಯಾಂಕಿನ ಅಡಿಯಿಂದ ಒಂದಿಷ್ಟು ಪೆಟ್ರೋಲು ಗಾಜಿನ ಲೋಟಕ್ಕೆ ಇಳಿಸಿ, ಬೆಳಕಿಗೆ ಹಿಡಿದು ನೋಡುತ್ತಾನೆ. ರಾತ್ರಿಯ ತಂಪಿಗೆ ಟ್ಯಾಂಕಿನಲ್ಲಿ ಕಟ್ಟಿದ ನೀರು ತಳಕ್ಕೆ ಕೂತು ಗುಳ್ಳೆಯಂತೆ ಕಾಣುತ್ತದೆ. ನೀರು ಪೂರ್ತಿ ಹೋಗುವವರೆಗೂ ಇಳಿಸುತ್ತಲೇ ಇರಬೇಕು. ಆಮೇಲೆ ಅಂಗೈಯಿಂದ ಬಟ್ಟೆಯ ಮೇಲೆ ಮೆಲ್ಲಗೆ ತಟ್ಟುತ್ತ ಬಾಲದವರೆಗೆ ಹೋಗುತ್ತಾನೆ. ಬಿಗಿಯಾದ ಬಟ್ಟೆ ತಮಟೆಯಂತೆ ನುಡಿಯುತ್ತದೆ, ಸಡಿಲವಾದದ್ದು ಸತ್ತ ಸದ್ದು ಕೊಡುತ್ತದೆ. ಪೆಟ್ರೋಲಿನ ಲೋಟ ಮತ್ತು ಅಂಗೈಯ ತಟ್ಟು, ಇವೆರಡೂ ಮೈಗೂಡಿದವನೇ ಕ್ಲಬ್ಬಿನ ಪೈಲಟ್.

ಇಂದಿನ ನಿಯಮದಲ್ಲಿ ಖಾಸಗಿ ಪೈಲಟ್ ಲೈಸೆನ್ಸಿಗೆ ಕನಿಷ್ಠ 40 ಗಂಟೆ, ವಾಣಿಜ್ಯ ಲೈಸೆನ್ಸಿಗೆ 200 ಗಂಟೆ ಹಾರಾಟ ಬೇಕು. ಪ್ರತಿ ನಿಮಿಷವೂ ಲಾಗ್‌ಬುಕ್ಕಿಗೆ ಏರಬೇಕು. ಜಕ್ಕೂರಿನಿಂದಲೇ 1997ರಲ್ಲಿ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಡೆಕ್ಕನ್ ಏವಿಯೇಷನ್ ಹೆಲಿಕಾಪ್ಟರ್ ಸೇವೆ ಆರಂಭಿಸಿದರು. ಅದರ ಕುಡಿಯಾದ ಏರ್ ಡೆಕ್ಕನ್ 2003ರಲ್ಲಿ ಹುಬ್ಬಳ್ಳಿ–ಬೆಂಗಳೂರು ಹಾರಾಟದಿಂದ ಜನಸಾಮಾನ್ಯರ ವಿಮಾನಯಾನಕ್ಕೆ ನಾಂದಿ ಹಾಡಿತು. ಬೆಂಗಳೂರು ಬೆಳೆದು ಜಕ್ಕೂರಿನ ಸುತ್ತ ಮೇಲ್ಸೇತುವೆ, ಬಹುಮಹಡಿಗಳು ಎದ್ದವು. ಶಾಲೆಯಲ್ಲಿ ಕೆಲವು ವರ್ಷ ತರಬೇತಿಯೇ ನಿಂತಿತ್ತು, 2022ರಲ್ಲಿ ಮತ್ತೆ ಶುರುವಾಯಿತು.

ಗಣಿನಾಡಿನ ರನ್‌ವೇಗಳು

ಉಕ್ಕಿನ ಕಾರ್ಖಾನೆ ಬಂದ ಮೇಲೆ ತೋರಣಗಲ್ಲಿನ ಬಳಿ ಜಿಂದಾಲ್ ಕಂಪನಿ ವಿದ್ಯಾನಗರ ವಿಮಾನ ನಿಲ್ದಾಣ ಕಟ್ಟಿತು. 2017ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರದ ಉಡಾನ್ ಯೋಜನೆಯಡಿ ಟ್ರೂಜೆಟ್ ವಿಮಾನ ಕಂಪನಿ ಹೈದರಾಬಾದಿನಿಂದ ಇಲ್ಲಿಗೆ ಹಾರಾಟ ಆರಂಭಿಸಿತು. ಹಂಪಿಗೆ ಬರುವವರಿಗೆ ಅದು ಅನುಕೂಲವಾಯಿತು. ಕೊಪ್ಪಳದ ಗಿಣಿಗೇರಾದಲ್ಲೂ ಕಂಪನಿಯೊಂದರ ರನ್‌ವೇ ಇದೆ. ಬಳ್ಳಾರಿಗೆ ಹೊಸ ನಿಲ್ದಾಣಕ್ಕೆಂದು ಚಾಗನೂರು, ಸಿರಿವಾರ ಗ್ರಾಮಗಳ ಜಮೀನು ಗುರುತಿಸಿದಾಗ ರೈತರು ನೀರಾವರಿ ಭೂಮಿ ಬಿಡಲೊಲ್ಲೆವೆಂದು ದೊಡ್ಡ ಹೋರಾಟ ಕಟ್ಟಿದರು. ಕಾಲುವೆಯ ನೀರು ಕಂಡ ಎರೆನೆಲವನ್ನು ರನ್‌ವೇಗೆ ಕೊಡು ಎಂದರೆ ಯಾವ ರೈತ ಒಪ್ಪುತ್ತಾನೆ? ಅವರ ಮಾತಿನಲ್ಲಿ ನ್ಯಾಯವಿತ್ತು.

ಈ ರನ್‌ವೇಗಳು ಇಳಿಯುವವರಿಗಾಗಿ ಆದವು, ಕಲಿಯುವವರಿಗಾಗಿ ಅಲ್ಲ. ಬೆಳಗಾವಿ, ಕಲಬುರಗಿ, ಮೈಸೂರಿನ ನಿಲ್ದಾಣಗಳಲ್ಲಿ ಹಾರಾಟದ ಶಾಲೆಗಳು ನೆಲೆಗೊಂಡಿವೆ. ಬಳ್ಳಾರಿಯ ಕಂಟೋನ್ಮೆಂಟ್ ಬಯಲಿಗೆ ಅಂಥ ಭಾಗ್ಯ ಬರಲಿಲ್ಲ. ವರ್ಷದ ಹೆಚ್ಚಿನ ತಿಂಗಳು ಮೋಡವಿಲ್ಲದ ಆಕಾಶ, ಕಡಿಮೆ ಮಳೆ, ಸಮತಟ್ಟು ನೆಲ: ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಬಯಲು ಸಿಗುವುದು ಕಷ್ಟ. ಹಂಪಿ ಉತ್ಸವದ ಹೊತ್ತಿಗೆ ಹೆಲಿಕಾಪ್ಟರ್ ಸವಾರಿ ಬಂದಾಗ ಜನ ಸಾಲುಗಟ್ಟುವುದನ್ನು ನೋಡಿದರೆ ಆಸೆಗೆ ಕೊರತೆಯಿಲ್ಲವೆಂದು ತಿಳಿಯುತ್ತದೆ. ತೊಂಬತ್ತು ವರ್ಷಕ್ಕೂ ಹಿಂದೆ ವಿನ್ಸೆಂಟ್ ಊರೂರಲ್ಲಿ ಮಾರುತ್ತಿದ್ದುದೂ ಇದೇ ಒಂದು ಸುತ್ತನ್ನು.

ಗದ್ದೆಯ ಮೇಲಿನ ಹಾರಾಟ

ಬೆಳೆಗೆ ಆಕಾಶದಿಂದ ಔಷಧಿ ಹೊಡೆಯುವ ವಿಮಾನವನ್ನು ಪುಷ್ಪಕ್ ಕಟ್ಟಿದ ಬೆಂಗಳೂರಿನ ಕಾರ್ಖಾನೆಯೇ 1972ರಲ್ಲಿ ಹಾರಿಸಿತ್ತು. ಬಸಂತ್ ಎಂದು ಅದರ ಹೆಸರು. ಸಣ್ಣ ಹಿಡುವಳಿಗಳ ನಾಡಿನಲ್ಲಿ ಅದು ಹೆಚ್ಚು ಕಾಲ ನಡೆಯಲಿಲ್ಲ. ಒಂದು ಎಕರೆ ಭತ್ತದ ಪಕ್ಕ ಇನ್ನೊಬ್ಬನ ಮೆಣಸಿನಕಾಯಿ ಇದ್ದರೆ ವಿಮಾನ ಎಲ್ಲಿ ಔಷಧಿ ಹೊಡೆದು ಎಲ್ಲಿ ನಿಲ್ಲಿಸಬೇಕು? ಆ ಕೆಲಸವನ್ನು ಈಗ ಡ್ರೋನ್ ಮಾಡುತ್ತಿದೆ.

2021ರ ಡ್ರೋನ್ ನಿಯಮಗಳ ಪ್ರಕಾರ ಔಷಧಿ ಹೊಡೆಯುವಷ್ಟು ದೊಡ್ಡ ಡ್ರೋನ್ ಹಾರಿಸಲು ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಕು. ಹದಿನೆಂಟು ತುಂಬಿ, ಹತ್ತನೇ ತರಗತಿ ಪಾಸಾಗಿರಬೇಕು. 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಮಹಿಳಾ ಸ್ವಸಹಾಯ ಸಂಘಗಳಿಗೆ 15,000 ಡ್ರೋನ್ ಕೊಡುವ ಯೋಜನೆ ಸಾರಿತು. ಸಂಘಕ್ಕೊಂದು ಯಂತ್ರ, ಎಕರೆ ಲೆಕ್ಕದಲ್ಲಿ ಬಾಡಿಗೆ, ತರಬೇತಿ ಪಡೆದ ಸದಸ್ಯೆ. ಹೆಸರು ಬೇರೆಯಾದರೂ ಇದು ಫ್ಲೈಯಿಂಗ್ ಕ್ಲಬ್ಬಿನ ಹಳೆಯ ಏರ್ಪಾಡೇ.

ಸಿರುಗುಪ್ಪದ ಭತ್ತದ ಸೀಮೆಗೆ ಇಂಥ ಯಂತ್ರ ಹೇಳಿಮಾಡಿಸಿದ್ದು. ಕೆಸರುಗದ್ದೆಯಲ್ಲಿ ಬೆನ್ನಿಗೆ ಪಂಪು ಹೊತ್ತು ನಡೆಯುವವನ ಮೈಮೇಲೆ ಔಷಧಿ ಬೀಳುತ್ತದೆ, ಕಾಲು ಮೊಣಕಾಲವರೆಗೆ ಹೂತುಹೋಗುತ್ತದೆ. ಹತ್ತು ಲೀಟರ್ ಟ್ಯಾಂಕಿನ ಡ್ರೋನ್ ಬದುವಿನ ಮೇಲಿಂದ ಎದ್ದು ಹತ್ತು ನಿಮಿಷದೊಳಗೆ ಒಂದು ಎಕರೆ ಮುಗಿಸಿ ಮರಳುತ್ತದೆ. ಹಾರಿಸುವವರು ಮೊದಲು ಒಂದು ಹಿಡಿ ಒಣಹುಲ್ಲೋ ಮಣ್ಣೋ ಮೇಲಕ್ಕೆ ತೂರಿ, ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ನೋಡಿಕೊಳ್ಳುತ್ತಾರೆ. ಗಾಳಿ ಜೋರಾಗಿದ್ದರೆ ಔಷಧಿ ಪಕ್ಕದ ಹೊಲಕ್ಕೆ ಹೋಗುತ್ತದೆ, ಅದಕ್ಕಾಗಿ ಬೆಳಗಿನ ಹೊತ್ತನ್ನೇ ಆರಿಸಿಕೊಳ್ಳುತ್ತಾರೆ.