ಕೈತೋರುವವರು, ಆರ್ಡರ್ ಹಿಡಿಯುವವರು: ಉಪ್ಪಿನಂಗಡಿ ಸೀಮೆಯ ಗೃಹೋದ್ಯಮಗಳಲ್ಲಿ ಅಫಿಲಿಯೇಟ್ ಕಮಿಷನ್ನಿನ ಸ್ವರೂಪ

ಅಫಿಲಿಯೇಟ್ ಮಾರಾಟವೆಂದರೆ ಹಳೆಯ ದಲ್ಲಾಳಿತನವೇ ಮೊಬೈಲಿಗೆ ಬಂದದ್ದು ಎಂಬ ಮಾತಿಗೆ ಅಡಿಕೆ ಸೀಮೆಯಲ್ಲಿ ಬೇಗ ಒಪ್ಪಿಗೆ ಸಿಗುತ್ತದೆ. ವ್ಯಾಪಾರ ಕಲಿಸುವ ಕೈಪಿಡಿಗಳದ್ದು ಬೇರೆ ವಾದ: ಇದು ಜಾಹೀರಾತಿನ ಇನ್ನೊಂದು ಬಗೆ, ಮಾರಾಟವಾದರಷ್ಟೇ ದುಡ್ಡು. ಹಲಸಿನ ಹಪ್ಪಳ, ಮಾಂಬಳ, ಪುನರ್ಪುಳಿ ಸಿರಪ್ ಮಾಡುವ ಉಪ್ಪಿನಂಗಡಿಯ ಸಣ್ಣ ಘಟಕವೊಂದು ಇಂಥ ಏರ್ಪಾಡು ಕಟ್ಟಲು ಹೊರಟರೆ ಈ ಎರಡೂ ಮಾತುಗಳು ಅದನ್ನು ದಾರಿ ತಪ್ಪಿಸುತ್ತವೆ ಎಂಬುದು ನನ್ನ ವಾದ.

ಹಿನ್ನೆಲೆಯ ಬಗ್ಗೆ ತಕರಾರಿಲ್ಲ. ಮೊಳಹಳ್ಳಿ ಶಿವರಾಯರ ಮುಂದಾಳತ್ವದಲ್ಲಿ 1914ರಲ್ಲಿ ಪುತ್ತೂರಿನಲ್ಲಿ ಹುಟ್ಟಿದ ಜಿಲ್ಲಾ ಸಹಕಾರಿ ಬ್ಯಾಂಕು, ಅಡಿಕೆ ಬೆಲೆ ಕುಸಿದ ಕಾಲದಲ್ಲಿ ವಾರಣಾಶಿ ಸುಬ್ರಾಯ ಭಟ್ಟರು 1973ರಲ್ಲಿ ಕಟ್ಟಿದ ಕ್ಯಾಂಪ್ಕೋ, ಆ ಸಂಸ್ಥೆ 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ತೆರೆದ ಚಾಕೊಲೇಟ್ ಕಾರ್ಖಾನೆ, ಇವೆಲ್ಲ ಬೆಳೆಗಾರನಿಗೂ ಪೇಟೆಗೂ ನಡುವಿನ ದೂರವನ್ನು ಕಡಿಮೆ ಮಾಡಿದ ಸಾಹಸಗಳು. ಅಫಿಲಿಯೇಟ್ ಮಾರಾಟ ಶುರುವಾದ ಅಮೆರಿಕದ ಕಡೆಯ ಕಥೆಯೂ ಪರಿಚಿತವೇ: 1989ರಲ್ಲಿ ವಿಲಿಯಂ ಟೋಬಿನ್ ಅವರ ಹೂವಿನ ವ್ಯಾಪಾರ, 1996ರಲ್ಲಿ ಅಮೆಜಾನ್‌ನ ಅಸೋಸಿಯೇಟ್ಸ್ ಯೋಜನೆ.

ದಲ್ಲಾಳಿಯ ಹೋಲಿಕೆ ಸೋಲುವುದು ಒಂದು ಸರಳ ಪ್ರಶ್ನೆಯ ಮುಂದೆ. ಕಮಿಷನ್ ಕೊಡುವವರು ಯಾರು? ಕರ್ನಾಟಕದ 1966ರ ಕೃಷಿ ಮಾರುಕಟ್ಟೆ ಕಾಯ್ದೆಯ ವ್ಯವಸ್ಥೆಯಲ್ಲಿ ಕಮಿಷನನ್ನು ಖರೀದಿದಾರನಿಂದ ಪಡೆಯಬೇಕು, ಬೆಳೆಗಾರನಿಂದ ಹಿಡಿಯುವಂತಿಲ್ಲ. ಕೊಡುವವನಿಗೆ ತಾನು ಕೊಡುತ್ತಿರುವುದು ಗೊತ್ತಿರುತ್ತದೆ. ಅಫಿಲಿಯೇಟ್ ಏರ್ಪಾಡಿನಲ್ಲಿ ಕೊಡುವವರು ತಯಾರಕರು; ಕೊಳ್ಳುವವರಿಗೆ ಅದು ಕಾಣುವುದೇ ಇಲ್ಲ. ‘ಈ ಹಪ್ಪಳ ಒಳ್ಳೆಯದು’ ಎಂಬ ಮಾತಿನ ಹಿಂದೆ ಹಣವಿದೆಯೇ ಎಂಬುದು ಮಂಡಿಯಲ್ಲಿ ಏಳುವ ಪ್ರಶ್ನೆಯಲ್ಲ. ಇಲ್ಲಿ ಮಾತ್ರ ಅದೇ ಮೊದಲ ಪ್ರಶ್ನೆ.

ಜಾಹೀರಾತಿನ ವಾದಕ್ಕೆ ಉತ್ತರ ಕೊಡುವುದು ಇಷ್ಟು ಸುಲಭವಲ್ಲ. ಅಮೆಜಾನ್ ಮಾದರಿಯಲ್ಲಿ ಕೊಂಡಿ ಒತ್ತಿದ 24 ಗಂಟೆಯೊಳಗಿನ ಖರೀದಿಯನ್ನು ಯಂತ್ರ ಗುರುತಿಸುತ್ತದೆ. ಕೊಂಡಿ ಹಾಕಿದವರು ಬೆಲೆ ಹೇಳುವುದಿಲ್ಲ, ಹಣ ಮುಟ್ಟುವುದಿಲ್ಲ. ನಮ್ಮಲ್ಲಿ ನಡೆಯುವುದು ಬೇರೆ. ಬೆಂಗಳೂರಿನಲ್ಲಿರುವ ಸಂಬಂಧಿಕರೊಬ್ಬರು ವಾಟ್ಸಾಪ್ ಗುಂಪಿನಲ್ಲಿ ಚಿತ್ರ ಹಾಕುತ್ತಾರೆ, ತುಳುವಿನಲ್ಲಿ ಧ್ವನಿಸಂದೇಶ ಕಳಿಸುತ್ತಾರೆ, ‘ಐದು ಕಟ್ಟು ನನಗೆ’ ಎಂದವರ ಹೆಸರು ಬರೆದುಕೊಳ್ಳುತ್ತಾರೆ, ಯುಪಿಐಯಲ್ಲಿ ಹಣ ಪಡೆದು ಒಟ್ಟಿಗೆ ಊರಿಗೆ ಕಳಿಸುತ್ತಾರೆ. ಇವರನ್ನು ಜಾಹೀರಾತುದಾರರು ಎನ್ನಲಾದೀತೇ?

1872ರ ಭಾರತೀಯ ಕರಾರು ಕಾಯ್ದೆಯ 182ನೇ ಕಲಮಿನ ಪ್ರಕಾರ, ಇನ್ನೊಬ್ಬರ ಪರವಾಗಿ ಕೆಲಸ ಮಾಡಲು ಅಥವಾ ಮೂರನೆಯವರೊಡನೆ ವ್ಯವಹರಿಸುವಾಗ ಅವರನ್ನು ಪ್ರತಿನಿಧಿಸಲು ನೇಮಕಗೊಂಡವರು ಏಜೆಂಟರು. ಲಿಖಿತ ಪತ್ರ ಬೇಕೆಂದಿಲ್ಲ. 185ನೇ ಕಲಮಿನಂತೆ ಪ್ರತಿಫಲವೂ ಅಗತ್ಯವಿಲ್ಲ. ಆದ್ದರಿಂದ ಆರ್ಡರ್ ಹಿಡಿದು ಹಣ ಪಡೆಯುವ ಅಫಿಲಿಯೇಟ್, ಒಪ್ಪಂದದಲ್ಲಿ ಏನೇ ಹೆಸರಿದ್ದರೂ, ಬಹುಮಟ್ಟಿಗೆ ಏಜೆಂಟರೇ ಆಗುತ್ತಾರೆ. ‘ಬಹುಮಟ್ಟಿಗೆ’ ಎಂದು ಬೇಕೆಂದೇ ಬರೆದಿದ್ದೇನೆ. ಸರಕನ್ನು ಸ್ವಂತಕ್ಕೆ ಕೊಂಡು ಮರುಮಾರಾಟ ಮಾಡುವವರು ವರ್ತಕರು, ಏಜೆಂಟರಲ್ಲ. ಫೋನ್ ನಂಬರು ಕೊಟ್ಟು ಸುಮ್ಮನಾಗುವವರೂ ಏಜೆಂಟರಲ್ಲ. ಜಿಎಸ್‌ಟಿಯ ಅಳತೆಗೋಲೂ ಬೇರೆಯೇ: 2018ರ ಸೆಪ್ಟೆಂಬರಿನ ಸುತ್ತೋಲೆಯು ಬಿಲ್ ಯಾರ ಹೆಸರಿನಲ್ಲಿದೆ ಎಂಬುದನ್ನು ನಿರ್ಣಾಯಕವಾಗಿ ನೋಡುತ್ತದೆ. ಕರಾರು ಕಾಯ್ದೆಗೆ ಏಜೆಂಟರಾದವರೆಲ್ಲ ಆ ಸುತ್ತೋಲೆಯ ಅರ್ಥದಲ್ಲಿ ಏಜೆಂಟರಾಗಬೇಕಿಲ್ಲ. ಹಪ್ಪಳಕ್ಕಂತೂ ಜಿಎಸ್‌ಟಿಯೇ ಇಲ್ಲ. ನನ್ನ ವಾದ ಕರಾರಿನ ಸಂಬಂಧಕ್ಕಷ್ಟೇ ಸೀಮಿತ.

ಆ ಮಿತಿಯೊಳಗೂ ಪರಿಣಾಮ ಸಣ್ಣದಲ್ಲ. ಏಜೆಂಟರು ಕೇಳಿದಾಗ ಲೆಕ್ಕ ಒಪ್ಪಿಸಬೇಕು (ಕರಾರು ಕಾಯ್ದೆಯ ಕಲಮು 213). ಕೈಗೆ ಬಂದ ಹಣದಲ್ಲಿ ತಮ್ಮ ಕಮಿಷನ್ ಹಿಡಿದುಕೊಂಡು (217) ಉಳಿದದ್ದನ್ನು ಸಲ್ಲಿಸಬೇಕು (218). ‘ಆರು ತಿಂಗಳು ಕೆಡುವುದಿಲ್ಲ’ ಎಂದು ತಮ್ಮ ಅಧಿಕಾರದ ವ್ಯಾಪ್ತಿಯಲ್ಲಿ ಅವರು ಸುಳ್ಳು ಭರವಸೆ ಕೊಟ್ಟರೆ, 238ನೇ ಕಲಮಿನಂತೆ ಅದರ ಹೊರೆ ಹಪ್ಪಳ ಒತ್ತಿದವರ ಮೇಲೆ ಬೀಳುತ್ತದೆ. ಕೈಪಿಡಿಗಳು ಇದನ್ನು ಹೇಳದಿರುವುದು ನನಗೆ ನಿಜಕ್ಕೂ ಕಳವಳ ತರುತ್ತದೆ. ಅಡುಗೆಮನೆಯಿಂದ ಉದ್ಯಮ ನಡೆಸುವ ಹೆಂಗಸಿಗೆ ಒಂದು ಹುಸಿ ಭರವಸೆ ಇಡೀ ಮಳೆಗಾಲದ ಗಳಿಕೆಯನ್ನು ನುಂಗಬಲ್ಲದು.

ಈ ನೆಲದಲ್ಲಿ ಪೂರ್ವಮಾದರಿ ಹುಡುಕುವುದಾದರೆ ಮಂಡಿಯ ದಲ್ಲಾಳಿತನಕ್ಕಿಂತ ‘ಅಡಿಕೆ ಪತ್ರಿಕೆ’ ಹತ್ತಿರದ್ದು. 1988ರಿಂದ ಪುತ್ತೂರಿನಿಂದ ಹೊರಡುತ್ತಿರುವ ಈ ಮಾಸಿಕ ಕೃಷಿಕರ ಅನುಭವದ ಜೊತೆಗೆ ಅವರ ಫೋನ್ ನಂಬರನ್ನೂ ಕೊಟ್ಟು ಓದುಗರನ್ನು ನೇರ ಅವರ ಬಳಿಗೇ ಕಳಿಸಿತು. ಅದೇ ಪತ್ರಿಕೆಯ ಶ್ರೀಪಡ್ರೆಯವರು 2021ರಲ್ಲಿ ಮುನ್ನಡೆಸಿದ ಬಾಳೆಕಾಯಿ ಹುಡಿಯ ಆಂದೋಲನ, ಅಂದರೆ ‘ಬಾಕಾಹು’, ವಾಟ್ಸಾಪ್ ಮೂಲಕ ಹರಡಿದ್ದೂ ಹೀಗೆಯೇ. ಅದು ಕೈತೋರುವ ಕೆಲಸ, ಆರ್ಡರ್ ಹಿಡಿಯುವ ಕೆಲಸವಲ್ಲ. ಏರ್ಪಾಡು ಕಟ್ಟುವವರು ಈ ಗೆರೆಯನ್ನು ಮೊದಲೇ ಎಳೆದುಕೊಳ್ಳಬೇಕು: ಪರಿಚಯಿಸುವವರಿಗೆ ಒಂದು ಗುರುತಿನ ಹೆಸರು, ಕೊಳ್ಳುವವರು ಆ ಹೆಸರು ಹೇಳಿ ತಯಾರಕರಿಗೇ ಫೋನ್ ಮಾಡಿ, ಅವರ ಖಾತೆಗೇ ಹಣ ಹಾಕಬೇಕು.

ದರ ನಿಗದಿಗೆ ಹೆಚ್ಚು ಮಾತು ಬೇಡ. 200 ರೂಪಾಯಿಯ ಕಟ್ಟಿಗೆ ಸಾಮಗ್ರಿ, ಕೂಲಿ, ಪ್ಯಾಕಿಂಗ್, ಅಂಚೆ ಸೇರಿ 150 ತಗಲಿದರೆ, ಬೆಲೆಯ ಮೇಲಿನ ಶೇ. 10 ಕಮಿಷನ್ ಲಾಭದ ಶೇ. 40ನ್ನು ಒಯ್ಯುತ್ತದೆ. ಲೆಕ್ಕ ಲಾಭದ ಮೇಲಿರಲಿ. ಹೊಸಬರನ್ನು ಸೇರಿಸಿದ್ದಕ್ಕೇ ಹಣ ಕೊಡುವ ಸರಪಳಿಯಂತೂ ಬೇಡವೇ ಬೇಡ. 2021ರ ನೇರ ಮಾರಾಟ ನಿಯಮಗಳು ಪಿರಮಿಡ್ ಯೋಜನೆಯನ್ನು ನಿಷೇಧಿಸಿವೆ.

ಹಣದ ಸಂಬಂಧವನ್ನು ಬಹಿರಂಗಪಡಿಸಬೇಕೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಜೂನ್ 9ರ ಮಾರ್ಗಸೂಚಿ ಹೇಳುತ್ತದೆ. ಶಿಫಾರಸು ತುಳುವಿನಲ್ಲಿದ್ದರೆ ‘ನನಗೆ ಇದರಲ್ಲಿ ಕಮಿಷನ್ ಇದೆ’ ಎಂಬುದೂ ತುಳುವಿನಲ್ಲೇ ಬರಬೇಕು ಎಂದು ನಾನು ಭಾವಿಸುತ್ತೇನೆ. ಆದರೆ ನೆಂಟರಷ್ಟೇ ಇರುವ ಮುಚ್ಚಿದ ಗುಂಪಿನಲ್ಲಿ ಆಡಿದ ಮಾತು ಜಾಹೀರಾತೋ ಮನೆಮಾತೋ, ಅದು ಎಷ್ಟು ಜನರ ಗುಂಪಾದ ಮೇಲೆ ಮಾರ್ಗಸೂಚಿಯ ವ್ಯಾಪ್ತಿಗೆ ಬರುತ್ತದೆ ಎಂಬುದನ್ನು ಈ ಲೇಖನ ಇತ್ಯರ್ಥಪಡಿಸಿಲ್ಲ. ಅದಕ್ಕೆ ಕರಾರು ಕಾಯ್ದೆಯ ಕಲಮುಗಳು ಸಾಲವು. ಗುಂಪುಗಳಲ್ಲಿ ಮಾರಾಟ ನಡೆಯುವ ಬಗೆಯನ್ನೇ ಕುಳಿತು ದಾಖಲಿಸಬೇಕು.