ಗಾಳ ಆಯುಧವಾದ ಬಗೆ

ಒಂದು ಬಿದಿರ ಕೋಲು, ಒಂದಿಷ್ಟು ದಾರ, ತುದಿಗೊಂದು ಕೊಕ್ಕೆ, ಡಬ್ಬಿಯಲ್ಲಿ ನಾಲ್ಕು ಎರೆಹುಳು. ಘಟಪ್ರಭೆಯ ದಂಡೆಯಲ್ಲಿ ಮಧ್ಯಾಹ್ನ ಕಳೆಯಲು ಇಷ್ಟು ಸಾಕು. ಇಂಥ ಬಡ ಸಲಕರಣೆಗೂ ಕಾನೂನಿಗೂ ಏನು ಸಂಬಂಧ ಎಂದು ಯಾರಿಗಾದರೂ ಅನಿಸಬಹುದು. ಆದರೆ ಗೋಕಾಕ, ಹುಕ್ಕೇರಿ ಮತ್ತು ಈಗ ಪ್ರತ್ಯೇಕ ತಾಲ್ಲೂಕಾಗಿರುವ ಮೂಡಲಗಿಯ ಸೀಮೆಯಲ್ಲಿ ಈ ಸಂಬಂಧಕ್ಕೆ ನೂರಕ್ಕೂ ಹೆಚ್ಚು ವರ್ಷಗಳ ಚರಿತ್ರೆಯಿದೆ. ಅದು ತಿರುಗಿರುವ ತಿರುವೂ ವಿಚಿತ್ರವಾದುದು.

1897ನೆಯ ಇಸವಿಯನ್ನು ಮೊದಲು ಗಮನಿಸಬೇಕು. ಗೋಕಾಕ ಜಲಪಾತಕ್ಕಿಂತ ಕೆಲವು ಮೈಲಿ ಮೇಲಕ್ಕೆ, ಧೂಪದಾಳದಲ್ಲಿ, ಘಟಪ್ರಭೆಗೆ ಕಟ್ಟಿದ ಒಡ್ಡು ಆ ವರ್ಷದ್ದು. ಹಿಂದೂಸ್ತಾನದ ಮೀನುಗಾರಿಕೆ ಕಾಯ್ದೆಯೂ ಅದೇ ವರ್ಷದ್ದು. ಒಂದು ನೀರಾವರಿ ಇಲಾಖೆಯ ಕೆಲಸ, ಇನ್ನೊಂದು ಕಲ್ಕತ್ತೆಯ ಶಾಸಕಾಂಗದ ಕೆಲಸ. ಇವೆರಡಕ್ಕೂ ಪರಸ್ಪರ ಪರಿಚಯವಿದ್ದಂತೆ ಕಾಣುವುದಿಲ್ಲ. ಆದರೆ ಆ ಕಾಯ್ದೆ ಹುಟ್ಟಿದ್ದರ ಹಿಂದೆ ಇಂಥ ಒಡ್ಡುಗಳದೇ ತಕರಾರಿತ್ತು.

ಆ ತಕರಾರು ಎತ್ತಿದವರಲ್ಲಿ ಇಬ್ಬರು ಮುಖ್ಯರು. ಮೊದಲನೆಯವನು ಮದ್ರಾಸು ಸೈನ್ಯದ ವೈದ್ಯ ಫ್ರಾನ್ಸಿಸ್ ಡೇ. ದೇಶದ ಸಿಹಿನೀರಿನ ಮೀನುಗಳ ಬಗ್ಗೆ ಜಿಲ್ಲೆ ಜಿಲ್ಲೆಗಳ ಅಧಿಕಾರಿಗಳಿಂದ, ತಹಸೀಲ್ದಾರರಿಂದ ಉತ್ತರಗಳನ್ನು ತರಿಸಿ 1873ರಲ್ಲಿ ವರದಿ ಒಪ್ಪಿಸಿದವನು. ಇನ್ನೊಬ್ಬ ನಮ್ಮ ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್. ಹೊಳೆಗಳಿಗೆ ವಿಷ ಬೆರೆಸುವುದನ್ನೂ ಸಣ್ಣ ಕಣ್ಣಿನ ಬಲೆಯಿಂದ ಮರಿಗಳನ್ನು ಬಾಚುವುದನ್ನೂ ತಡೆಯಬೇಕೆಂದು ಹಟ ಹಿಡಿದವನು ಇವನು. ಇದೇ ಥಾಮಸ್ 1873ರಲ್ಲಿ ಹಿಂದೂಸ್ತಾನದಲ್ಲಿ ಗಾಳ ಹಾಕುವುದು ಹೇಗೆಂದು ದೊಡ್ಡ ಪುಸ್ತಕವನ್ನೇ ಬರೆದ. ಆಳುವವನೂ ಅವನೇ, ಗಾಳದ ರಸಿಕನೂ ಅವನೇ. ಈ ಮಾತನ್ನು ನೆನಪಿಟ್ಟುಕೊಂಡರೆ ಮುಂದಿನ ಕತೆ ತಿಳಿಯುವುದು ಸುಲಭ.

ಒಡ್ಡಿನಿಂದ ಮೀನಿಗೇನು ತೊಂದರೆ? ಮುಂಗಾರಿನ ಮೊದಲ ಕೆಂಪು ನೀರು ಬಂದಾಗ ನದಿಯ ಅನೇಕ ಮೀನುಗಳು ಮೊಟ್ಟೆಯಿಡಲು ಪ್ರವಾಹದ ಎದುರಿಗೆ ಏರುತ್ತವೆ. ಮಲೆನಾಡಿನವರು ಇವನ್ನೇ ‘ಹತ್ತುಮೀನು’ ಎನ್ನುವುದು. ಏರುವ ದಾರಿಯಲ್ಲಿ ಗೋಡೆ ಅಡ್ಡ ಬಂದರೆ ಅವು ಅದರ ಬುಡದಲ್ಲಿ ಗುಂಪುಗೂಡುತ್ತವೆ. ಆಗ ಅಲ್ಲಿ ಬಲೆ ಹಾಕಿದವನಿಗೆ ಸುಗ್ಗಿ. ಘಟಪ್ರಭೆಯಲ್ಲಾದರೋ ಗೋಡೆಯನ್ನು ಪ್ರಕೃತಿಯೇ ಮೊದಲು ಕಟ್ಟಿಟ್ಟಿತ್ತು. ಸುಮಾರು 170 ಅಡಿ ಎತ್ತರದ ಗೋಕಾಕ ಜಲಪಾತವನ್ನು ಕೃಷ್ಣೆಯ ಕಡೆಯಿಂದ ಬಂದ ಯಾವ ಮೀನೂ ಹಾರಿ ದಾಟಲಾರದು. ಜಲಪಾತದ ಮೇಲಿನ ಮೀನುಗಳಿಗೆ ಹಿರಣ್ಯಕೇಶಿಯ ಕೂಡಲದವರೆಗೆ, ಅದರಾಚೆ ಸಹ್ಯಾದ್ರಿಯವರೆಗೆ ಓಡಾಟವಿತ್ತು. ಧೂಪದಾಳದ ಒಡ್ಡು ಕತ್ತರಿಸಿದ್ದು ಈ ಓಡಾಟವನ್ನು. ಅಲ್ಲಿಂದ ಕಾಲುವೆಗೆ ನುಗ್ಗಿದ ಮರಿಗಳದು ಬೇರೆಯೇ ಗತಿ. ನೀರು ನಿಲ್ಲಿಸಿದ ದಿನ ಅವು ಕಾಲುವೆಯ ತಳದಲ್ಲೇ ಉಳಿಯಬೇಕು.

ಇನ್ನು ಕಾಯ್ದೆ ಏನು ಹೇಳಿತು ನೋಡೋಣ. ಡೈನಮೈಟು ಮುಂತಾದ ಸ್ಫೋಟಕ ಸಿಡಿಸಿ ಮೀನು ಹಿಡಿಯಬಾರದು; ವಿಷ, ಸುಣ್ಣ ಹಾಕಬಾರದು; ಹಾಕಿದರೆ ಎರಡು ತಿಂಗಳವರೆಗೆ ಸಜೆ ಅಥವಾ 200 ರೂಪಾಯಿವರೆಗೆ ದಂಡ. ಇದರ ಹಿಂದಿನ ತರ್ಕ ಸರಿಯಾದುದೇ. ತೋಟೆ ಸಿಡಿದಾಗ ನೀರಿನೊಳಗಿನ ಒತ್ತಡಕ್ಕೆ ಮೀನಿನ ಹೊಟ್ಟೆಯೊಳಗಿನ ಗಾಳಿಚೀಲವೇ ಒಡೆಯುತ್ತದೆ. ತೇಲಿ ಕೈಗೆ ಸಿಕ್ಕುವುದಕ್ಕಿಂತ ಮುಳುಗಿ ಕೊಳೆಯುವುದು ಹೆಚ್ಚು. ಮರಿ, ಮೊಟ್ಟೆ ಯಾವುದೂ ಉಳಿಯುವುದಿಲ್ಲ. ಕಾರೆಕಾಯಿ ಅರೆದು ಮಡುವಿಗೆ ಹಾಕುವ ಹಳೆಯ ಪದ್ಧತಿಯೂ ಹೀಗೆಯೇ ಚಿಕ್ಕದು ದೊಡ್ಡದೆಂದು ನೋಡುವುದಿಲ್ಲ. ನೆಲಕ್ಕೆ ನೆಟ್ಟ ಬಲೆ, ಕೂಳಿ, ಬೋನುಗಳ ಬಗ್ಗೆ, ಒಡ್ಡು ಕಟ್ಟುವ ಬಗ್ಗೆ, ಬಲೆಯ ಅಳತೆ ಮತ್ತು ಬಗೆಯ ಬಗ್ಗೆ ನಿಯಮ ಮಾಡುವ ಅಧಿಕಾರವನ್ನು ಕಾಯ್ದೆಯ ಆರನೆಯ ಕಲಮು ಪ್ರಾಂತೀಯ ಸರ್ಕಾರಗಳಿಗೆ ಬಿಟ್ಟಿತು. ಬೆಳಗಾವಿ ಜಿಲ್ಲೆಯ ಮಟ್ಟಿಗೆ ಅದು ಮುಂಬಯಿ ಸರ್ಕಾರ.

ಈ ಪಟ್ಟಿಯಲ್ಲಿ ಬಲೆಯಿದೆ, ಬೋನಿದೆ, ತೋಟೆಯಿದೆ, ವಿಷವಿದೆ. ಗಾಳ ಮಾತ್ರ ಇಲ್ಲ. ಒಂದು ಕೊಕ್ಕೆಗೆ ಒಂದೇ ಮೀನು, ಅದರಿಂದ ನದಿ ಬರಿದಾಗದು ಎಂಬುದು ಒಂದು ಕಾರಣ. ಕಾನೂನು ಬರೆದ ವರ್ಗದವರ ಕೈಯಲ್ಲೇ ಗಾಳದ ಕೋಲಿತ್ತು ಎಂಬುದು ಇನ್ನೊಂದು ಕಾರಣವೆಂದು ನನ್ನ ಅನಿಸಿಕೆ. ಬಲೆ ಹೊಟ್ಟೆಪಾಡಿನ ಅಂಬಿಗನದು, ಗಾಳ ದೊರೆಯ ವಿನೋದದ್ದು.

ಈ ಭೇದವೇನೂ ಬಿಳಿಯರು ತಂದದ್ದಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೇ ಒಂದು ಅಧ್ಯಾಯ ಮೀಸಲಾಗಿದೆ. ಕೋಲು, ದಾರ, ಕೊಕ್ಕೆ, ಯಾವ ಮೀನಿಗೆ ಯಾವ ತಿನಿಸು ಎಂಬುದೆಲ್ಲ ಅಲ್ಲಿ ಬರುತ್ತದೆ. ಗೋಕಾಕದ ಸೀಮೆಯನ್ನು ಆಗ ಆಳುತ್ತಿದ್ದ ಸವದತ್ತಿಯ ರಟ್ಟರು ಇದೇ ಚಾಲುಕ್ಯರ ಸಾಮಂತರು. ಮೀನುಶಾಸ್ತ್ರಜ್ಞ ಸುಂದರಲಾಲ ಹೋರಾ 1951ರಲ್ಲಿ ಈ ಅಧ್ಯಾಯದ ಬಗ್ಗೆ ಬರೆದು ಅದನ್ನು ವಿಜ್ಞಾನಿಗಳ ಗಮನಕ್ಕೆ ತಂದರು. ಗಾಳದ ಶಾಸ್ತ್ರವೆಂದರೆ ಇಂಗ್ಲೆಂಡಿನದೇ ಎಂದುಕೊಂಡವರು ಇದನ್ನೊಮ್ಮೆ ಓದಬೇಕು. ಅಲ್ಲಿರುವುದು ಅರಸನಿಗೆ ಹೇಳಿದ ಕೌಶಲ. ಮಿತಿಯ ಮಾತು ಅದರ ಉದ್ದೇಶವಲ್ಲ.

ಮೈಸೂರು ಸಂಸ್ಥಾನ ಬೇರೆ ದಾರಿ ಹಿಡಿಯಿತು. ಅಲ್ಲಿ 1901ರಲ್ಲಿ ಬಂದ ಶಾಸನ ಬೇಟೆಯ ಪ್ರಾಣಿಗಳನ್ನೂ ಮೀನುಗಳನ್ನೂ ಒಂದೇ ಹೆಸರಿನಡಿ ಸೇರಿಸಿತು. ಮೀನನ್ನು ಶಿಕಾರಿಯ ಸಾಲಿಗೆ ಸೇರಿಸಿದ ಮೇಲೆ ಶಿಕಾರಿಯ ಮರ್ಯಾದೆಗಳೂ ಅದಕ್ಕೆ ಬಂದವು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಗಾಳದಲ್ಲಿ ಹಿಡಿದ ಮಹಶೀರ್ 120 ಪೌಂಡು ತೂಗಿತ್ತು. ಮುಂದೆ ಕಾವೇರಿಯ ತೀರದಲ್ಲಿ, ಭೀಮೇಶ್ವರಿಯಂಥ ಕಡೆ, ಹಿಡಿದ ಮೀನನ್ನು ತೂಗಿ ಮತ್ತೆ ನೀರಿಗೆ ಬಿಡುವ ಪದ್ಧತಿ ಬೆಳೆಯಿತು. ಇಂಥ ಕ್ರೀಡೆಯಲ್ಲಿ ಸಲಕರಣೆಯ ಪ್ರಶ್ನೆ ಸೂಕ್ಷ್ಮವಾಗುತ್ತದೆ. ಕೊಕ್ಕೆಗೆ ಒಳಮುಳ್ಳು ಇದ್ದರೆ ಬಿಡಿಸುವಾಗ ಬಾಯಿ ಹರಿಯುತ್ತದೆ. ಇಲ್ಲದಿದ್ದರೆ ಮೀನು ಬೇಗ ನೀರಿಗೆ ಮರಳುತ್ತದೆ. ದಾರ ತೀರಾ ತೆಳುವಾದರೆ ಮೀನನ್ನು ಬಹಳ ಹೊತ್ತು ಆಡಿಸಬೇಕಾಗಿ, ಬಿಟ್ಟ ಮೇಲೂ ಅದು ದಣಿವಿನಿಂದ ಸಾಯಬಹುದು.

1956ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ನದಿಯೂ ಬದಲಾಯಿತು. ಕಾಟ್ಲಾ, ರೋಹುಗಳಂಥ ಗಂಗಾಪ್ರಾಂತದ ಮೀನುಗಳಿಗೆ ಚುಚ್ಚುಮದ್ದು ಕೊಟ್ಟು ಮರಿ ಮಾಡಿಸುವ ವಿಧಾನ 1957ರಲ್ಲಿ ಹೀರಾಲಾಲ್ ಚೌಧುರಿಯವರಿಂದ ಸಾಧ್ಯವಾದ ಮೇಲೆ ಕೆರೆ, ಜಲಾಶಯಗಳಲ್ಲಿ ಮೀನುಮರಿ ಬಿಡುವುದು ದೇಶದಾದ್ಯಂತ ಹಬ್ಬಿತು. 1970ರ ದಶಕದಲ್ಲಿ ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ದೊಡ್ಡ ಅಣೆಕಟ್ಟು ಎದ್ದಿತು. ಬಿತ್ತಿದ ಬೆಳೆಗೆ ಒಡೆಯನಿರುವಂತೆ ಬಿಟ್ಟ ಮೀನಿಗೂ ಒಡೆಯ ಹುಟ್ಟುತ್ತಾನೆ. ಗುತ್ತಿಗೆ ಹಿಡಿದ ನೀರಿನಲ್ಲಿ ಗಾಳ ಹಾಕುವವನು ಅಲ್ಲಿಂದಾಚೆಗೆ ಪರರ ಸೊತ್ತಿಗೆ ಕೈ ಹಾಕಿದವನು. 1996ರಲ್ಲಿ ರೂಪುಗೊಂಡ ಕರ್ನಾಟಕದ ಒಳನಾಡು ಮೀನುಗಾರಿಕೆ ಕಾಯ್ದೆ ಈ ಲೈಸೆನ್ಸು, ಗುತ್ತಿಗೆಗಳ ಪ್ರಪಂಚದ್ದು.

ಆದರೆ ಗಾಳಕ್ಕೆ ನಿಜವಾದ ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ. ಧೂಪದಾಳದ ಒಡ್ಡಿನ ಹಿಂದೆ ನಿಂತ ನೀರಿಗೆ ಚಳಿಗಾಲದಲ್ಲಿ ಕರ್ಕರ ಕೊಕ್ಕರೆಗಳೂ ಯುರೋಪಿನ ಬಿಳಿ ಕೊಕ್ಕರೆಗಳೂ ಬರುತ್ತಿದ್ದವು. 1974ರಲ್ಲಿ ಸುಮಾರು 30 ಚದರ ಕಿಲೋಮೀಟರು ಪ್ರದೇಶವನ್ನು ಘಟಪ್ರಭಾ ಪಕ್ಷಿಧಾಮವೆಂದು ಘೋಷಿಸಲಾಯಿತು. ಪಕ್ಷಿಧಾಮವೆಂದ ಮೇಲೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸಬೇಕು. ಆ ಕಾಯ್ದೆ ‘ಆಯುಧ’ ಎಂಬ ಶಬ್ದಕ್ಕೆ ಕೊಟ್ಟಿರುವ ಅರ್ಥವಿವರಣೆಯಲ್ಲಿ ಬಂದೂಕು, ಬಿಲ್ಲುಬಾಣ, ಚಾಕು, ಬಲೆ, ವಿಷಗಳ ಜೊತೆಗೆ ಕೊಕ್ಕೆಯೂ ಇದೆ. ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿಯಿಲ್ಲದೆ ಆಯುಧ ಹಿಡಿದು ಅಭಯಾರಣ್ಯ ಪ್ರವೇಶಿಸುವಂತಿಲ್ಲ. 1897ರ ಕಾನೂನಿನ ಕಣ್ಣಿಗೇ ಬೀಳದಿದ್ದ ಹುಡುಗನ ಕೊಕ್ಕೆ ಒಡ್ಡಿನ ಹಿನ್ನೀರಿನ ಮಟ್ಟಿಗೆ ಬಂದೂಕಿನ ಸಾಲಿಗೆ ಸೇರಿತು! 2003ರಲ್ಲಿ ಜಾರಿಗೆ ಬಂದ ತಿದ್ದುಪಡಿಯಲ್ಲಿ ‘ಪ್ರಾಣಿ’ ಎಂಬುದರ ವ್ಯಾಖ್ಯೆಗೆ ಮೀನೂ ಸೇರಿತು. 2010ರ ಆಚೀಚೆ ಕಾವೇರಿ ಅಭಯಾರಣ್ಯದಲ್ಲಿ ಹಿಡಿದು ಬಿಡುವ ಗಾಳದ ಕ್ರೀಡೆಯೂ ಇದೇ ಕಾನೂನಿನಿಂದಾಗಿ ನಿಂತುಹೋಯಿತು.

ಇದು ಅತಿಯಾಯಿತೆ? ಪಕ್ಷಿಗಳ ಕಡೆಯಿಂದ ನೋಡಿದರೆ ಪೂರ್ತಿ ಹಾಗೆನ್ನಲಾಗದು. ದಾರವನ್ನು ತಳಕ್ಕೆ ಎಳೆಯಲು ಕಟ್ಟುವ ಸೀಸದ ಗುಂಡುಗಳನ್ನು ಕಲ್ಲಿನ ಹರಳೆಂದು ನುಂಗಿ ಇಂಗ್ಲೆಂಡಿನ ಹಂಸಗಳು ವಿಷವೇರಿ ಸತ್ತವು. 1987ರಿಂದ ಅಲ್ಲಿ ಸಣ್ಣ ಸೀಸದ ಗುಂಡುಗಳನ್ನು ಗಾಳಕ್ಕೆ ಬಳಸದಂತೆ ನಿಷೇಧಿಸಲಾಯಿತು. ಹರಿದುಹೋದ ನೈಲಾನು ದಾರ ಹಳೆಯ ನೂಲಿನಂತೆ ಕೊಳೆಯುವುದಿಲ್ಲ, ಹಕ್ಕಿಯ ಕಾಲಿಗೆ ಸುತ್ತಿಕೊಂಡರೆ ಬಿಡುವುದಿಲ್ಲ. ಇಂಗ್ಲೆಂಡಿನವರು ಗಾಳ ಹಾಕುವವನನ್ನು ಅಲ್ಲೇ ಬಿಟ್ಟು ಗುಂಡನ್ನು ಮಾತ್ರ ಬದಲಿಸಿದರು. ನಮ್ಮಲ್ಲಿ ಗಡಿಯ ಒಳಗೆ ಇಡೀ ಗಾಳವೇ ಆಯುಧ.

ಒಡ್ಡಿನ ವಿಷಯವೊಂದು ಉಳಿಯಿತು. 1897ರ ಕಾಯ್ದೆ ನೆಲಕ್ಕೆ ನೆಟ್ಟ ಬಲೆ, ಬೋನುಗಳನ್ನು ಹೆಸರಿಸುವಾಗ ‘ಮೀನು ಹಿಡಿಯುವ ಸಲುವಾಗಿ’ ನೆಟ್ಟ ಸಾಧನ ಎಂದು ಹೇಳಿದೆ. ಧೂಪದಾಳದ ಗೋಡೆಯನ್ನು ಕಟ್ಟಿದ್ದು ಹೊಲಗಳಿಗೆ ನೀರುಣಿಸಲು. ಆದ್ದರಿಂದ ಆ ಮಾತು ಅದಕ್ಕೆ ತಾಗುವುದಿಲ್ಲ. ಮೊದಲ ಮಳೆಗೆ ಏರಿ ಬಂದ ಮೀನು ಅದರ ಬುಡದಲ್ಲಿ ನಿಂತೇ ನಿಲ್ಲುತ್ತದೆ.